ಅಟ್ಟದ ಕೆಳಗಿನ ಗೌರಕ್ಕ

ಮೊದಲ ದಿನ ನನ್ನನ್ನು ಕಂಡಾಗ ಗೌರಕ್ಕ ನಮಸ್ಕಾರ ಹೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಕುಳಿತಿದ್ದ ಸ್ಟೂಲಿನಿಂದ ಎದ್ದು ಬಂದರು, ನನ್ನ ಬಲಭುಜವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದರು, ಆಮೇಲೆ ಭುಜದ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿಕೊಂಡು ನಿಂತರು. ಎಲೆಅಡಿಕೆಯ ಘಮ ನನ್ನ ಮೂಗಿಗೆ ಬಡಿಯಿತು. ಸುತ್ತ ಏಳೆಂಟು ಜನ ಕೈಯಲ್ಲಿದ್ದ ಡಂಬೆಲ್ ಕೆಳಗಿಡದೆ ತೀರ್ಪಿಗೆ ಕಾಯುತ್ತಿದ್ದರು.

“ಹಸಿ,” ಎಂದರು ಗೌರಕ್ಕ. “ಒಳಗಿನ್ನೂ ನೀರೈತೆ. ಒಂದು ವರ್ಷ ಅಟ್ಟದ ಮೇಲೆ ಹಾಕ್ಬೇಕು ಇವ್ರನ್ನ.”

ನನಗಾಗ ನಲವತ್ಮೂರು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ದಿನಕ್ಕೆ ಐದು ಪೀರಿಯಡ್ ಬೇರೆಯವರ ತಪ್ಪು ತಿದ್ದುವವನು. ಎರಡೇ ಅಕ್ಷರದಲ್ಲಿ ನನ್ನ ಇಡೀ ದೇಹದ ಮೌಲ್ಯಮಾಪನ ಮುಗಿಸಿದ್ದು ಅವರೊಬ್ಬರೇ.

ತಿಪಟೂರು ಸೀಮೆಯವರಿಗೆ ಈ ಪರೀಕ್ಷೆ ಹೊಸದೇನಲ್ಲ. ಕೊಬ್ಬರಿಗೆಂದು ಆರಿಸಿದ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಾಯಿ ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಒಳಗೆ ಲೊಡಲೊಡ ಎನ್ನುತ್ತದೆ. ಆ ಸದ್ದಿನಲ್ಲೂ ಹದವುಂಟು. ಒಂದು ಬಗೆಯ ಸದ್ದು ಬಂದರೆ ಒಡೆಯಬಹುದು, ಇನ್ನೊಂದು ಬಗೆಯದು ಬಂದರೆ ಇನ್ನೂ ಒಂದು ತಿಂಗಳು ಕಾಯಬೇಕು. ಆ ಹದ ಹೇಳುವುದರಲ್ಲಿ ಗೌರಕ್ಕನನ್ನು ಮೀರಿಸಿದವರು ಹಾಲ್ಕುರಿಕೆ ರಸ್ತೆಯ ಆ ಕೊನೆಯಿಂದ ಈ ಕೊನೆಯವರೆಗೆ ಯಾರೂ ಇರಲಿಲ್ಲ. ಆ ವಿದ್ಯೆ ಜಿಮ್ಮಿಗೆ ಬರುವವರ ಭುಜದ ಮೇಲೂ ಪ್ರಯೋಗವಾಗಲು ಕಾರಣ ಅವರ ಮಗ ಮಹೇಶ.

ಮಹೇಶನಿಗೆ ಮೈ ಬೆಳೆಸುವ ಹುಚ್ಚು. ಊರಿನಲ್ಲಿ ಜಾಗ ಹುಡುಕಿ ಸುಸ್ತಾಗಿ, ಕೊನೆಗೆ ಮನೆಯ ಪಕ್ಕದಲ್ಲೇ ಇದ್ದ ತಮ್ಮ ಹಳೆಯ ಕೊಬ್ಬರಿ ಕೊಠಡಿಯಲ್ಲಿ ಜಿಮ್ ತೆರೆದ. ಕೆಳಗೆ ಕಲ್ಲುಚಪ್ಪಡಿಯ ನೆಲ, ಅಲ್ಲಿ ಅವನ ಕಬ್ಬಿಣ. ಮೇಲೆ ಏಳಡಿ ಎತ್ತರದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಅಟ್ಟ, ಅಲ್ಲಿ ಅವ್ವನ ಕಾಯಿ. ಮಲಗಿ ಎತ್ತುವವರಿಗೆ, ಕೂತು ಏಳುವವರಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಓವರ್‌ಹೆಡ್ ಪ್ರೆಸ್ಸಿನಿಂದ. ನಿಂತುಕೊಂಡು, ಎರಡು ತುದಿಗೂ ತೂಕ ಹಾಕಿದ ಕಬ್ಬಿಣದ ಬಾರನ್ನು ಎದೆಯಿಂದ ನೆತ್ತಿಯ ಮೇಲಕ್ಕೆ ತಳ್ಳುವ ಈ ವ್ಯಾಯಾಮಕ್ಕೆ ಬೇಕಾದದ್ದು ತಲೆಯ ಮೇಲೆ ಒಂದಿಷ್ಟು ಖಾಲಿ ಜಾಗ, ಅಷ್ಟೇ. ಅದೊಂದೇ ಅಲ್ಲಿರಲಿಲ್ಲ. ಉದ್ಘಾಟನೆಯ ದಿನವೇ ಎಳನೀರು ಅಂಗಡಿಯ ಬಸವರಾಜು ಬಾರು ಎತ್ತಿ ಎರಡು ದಬ್ಬೆ ಮುರಿದ.

“ಅಟ್ಟ ತೆಗೀತೀನಿ ಕಣವ್ವ,” ಎಂದನಂತೆ ಮಹೇಶ.

“ತೆಗಿ. ಅಂಗೇ ನನ್ನೂ ತೆಗೆದು ಆಚೆ ಹಾಕ್ಬುಡು,” ಎಂದರಂತೆ ಗೌರಕ್ಕ.

ಕೊನೆಗೆ ರಾಜಿಯಾಯಿತು. ಅಟ್ಟದ ನಡುವೆ ಏಳೂವರೆ ಅಡಿ ಉದ್ದ, ಎರಡಡಿ ಅಗಲದ ಒಂದು ಸೀಳು ಕೊಯ್ದರು. ಅದರ ಕೆಳಗೆ ನೆಟ್ಟಗೆ ನಿಂತು ನೆಟ್ಟಗೆ ಎತ್ತಿದರೆ ಬಾರಿನ ಎರಡು ತುದಿಯ ಪ್ಲೇಟುಗಳು ಸೀಳಿನೊಳಗೆ ಹೋಗಿ ಬರುತ್ತಿದ್ದವು. ಒಂದು ಗೇಣು ಮುಂದೆ ವಾಲಿದರೂ ಪ್ಲೇಟು ದಬ್ಬೆಗೆ ತಗುಲುತ್ತಿತ್ತು. ತಗುಲಿದರೆ ಅಂಚಿನಲ್ಲಿದ್ದ ಕಾಯೊಂದು ಎತ್ತಿದವನ ಮುಂದೆ ದೊಪ್ಪೆಂದು ಬೀಳುತ್ತಿತ್ತು. ಮಹೇಶ ಒಮ್ಮೆ ಬಲೆ ಕಟ್ಟಿದ. ಗೌರಕ್ಕ ಮಾರನೆಯ ದಿನವೇ ಅದನ್ನು ಕುಡುಗೋಲಿನಿಂದ ಕೊಯ್ದರು. “ಭಯ ಇಲ್ದಿದ್ರೆ ಇವ್ರು ಕಲಿಯಾಕಿಲ್ಲ,” ಎನ್ನುವುದು ಅವರ ಶಿಕ್ಷಣ ನೀತಿ.

ನಾನು ಅಲ್ಲಿಗೆ ಸೇರಿದ್ದು ಶೋಕಿಗಲ್ಲ. ಬಲಭುಜ ಹಿಡಿದುಕೊಂಡು ಕೈ ಕಿವಿಗಿಂತ ಮೇಲಕ್ಕೆ ಹೋಗುತ್ತಿರಲಿಲ್ಲ. ಕಪ್ಪುಹಲಗೆಯ ಮೇಲಿನ ಅರ್ಧ ಒಂದು ವರ್ಷದಿಂದ ಖಾಲಿ ಬಿದ್ದಿತ್ತು. ದಿನಾಂಕವನ್ನೂ ಹಲಗೆಯ ಹೊಟ್ಟೆಯಲ್ಲಿ ಬರೆದು, ಪಾಠವನ್ನು ಅದರ ಕಾಲಿನ ಹತ್ತಿರ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿ ಬರೆದುಕೊಂಡು ಕೂರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ನನ್ನ ತರಗತಿಯಲ್ಲಿ ಅಪಾರ ಶಿಸ್ತು ಇದ್ದಂತೆ ಕಾಣುತ್ತಿತ್ತು. ಡಾಕ್ಟರು ಮಾತ್ರೆ ಬರೆದು, ಭುಜ ಆಡಿಸಿ ಎಂದರು. ಆಡಿಸಲು ಹೋಗಿ ಗೌರಕ್ಕನ ಕೈಗೆ ಸಿಕ್ಕಿಬಿದ್ದೆ.

ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕುಳ್ಳು, ಒಣಕಲು, ಮೊಣಕೈವರೆಗೆ ಬಳೆ. ಹುಟ್ಟಿದ್ದು ಅರಳಗುಪ್ಪೆ. ಮದುವೆಯಾಗಿ ಬಂದ ವಾರಕ್ಕೇ ಅತ್ತೆಮನೆಯವರು ಕೈಗೆ ಮಂಕರಿ ಕೊಟ್ಟರಂತೆ. ಕಾಯಿ ತುಂಬಿದ ಆ ಬುಟ್ಟಿಯನ್ನು ಎದೆಗೇರಿಸಿ, ಅಲ್ಲಿಂದ ನೆತ್ತಿಗೇರಿಸಿ, ಅಟ್ಟದ ಮೇಲೆ ಕೂತ ಗಂಡನ ಕೈಗೆ ಕೊಡುವುದು ಅವರ ಕೆಲಸ. ನಲವತ್ತು ವರ್ಷ ಹಾಗೆ ಕೊಟ್ಟರು. ಜಿಮ್ಮಿನ ಬಾರನ್ನು ಒಮ್ಮೆಯೂ ಮುಟ್ಟದವರು, ಬೇರೆಯವರು ಅದನ್ನು ಎತ್ತುವುದನ್ನು ಎರಡು ದಿನ ನೋಡಿ ಮೂರನೆಯ ದಿನ ಮಗನಿಗೆ ಹೇಳಿದರಂತೆ: “ಇದು ಮಂಕರಿ ಕೊಡೋದು ಕಣ್ಲಾ. ನೀನು ಪಕ್ಕಕ್ಕೋಗು.”

ಅವರ ಭಾಷೆಯಲ್ಲಿ ಬಾರು ಎಂದರೆ ಹಾರೆ, ಪ್ಲೇಟು ಎಂದರೆ ಗಾಲಿ. ಪಾಠ ಹೀಗಿರುತ್ತಿತ್ತು: “ಹಾರೇನ ಕತ್ತಿನ ಬುಡದಾಗೆ ಮಡಗು. ಮೊಣಕೈ ಹಾರೆ ಕೆಳಗೆ ಇರ್ಲಿ, ಪಕ್ಕಕ್ಕೆ ಕೋಳಿ ರೆಕ್ಕೆ ಬಿಟ್ಟಂಗೆ ಬಿಡ್ಬೇಡ. ಉಸಿರು ತಗಾ, ಹೊಟ್ಟೆ ಗಟ್ಟಿ ಮಾಡು. ಈಗ ಮೂಗು ಹಿಂದಕ್ಕೆಳಕೊ, ಹಾರೆಗೆ ದಾರಿ ಬುಡು. ಹಾರೆ ಹೋಯ್ತಾ? ಈಗ ತಲೆ ಮುಂದಕ್ಕೆ ಹಾಕು, ಬಾಗ್ಲಿಂದ ಇಣುಕಿ ಯಾರು ಬಂದ್ರು ಅಂತ ನೋಡಂಗೆ.” ಸೊಂಟದ ಹಿಂಭಾಗವನ್ನು ಬಿಗಿಹಿಡಿಯಲು ಅವರು ಬಳಸುತ್ತಿದ್ದ ಶಬ್ದವೊಂದಿತ್ತು. ಅದು ಅಚ್ಚಗನ್ನಡದ ಶಬ್ದವೇ ಆದರೂ ಕನ್ನಡ ಮೇಷ್ಟ್ರಾದ ನಾನು ಇಲ್ಲಿ ಬರೆಯಲಾರೆ.

ಕೊನೆಯ ಸೂಚನೆ ಎಲ್ಲರಿಗೂ ಒಂದೇ. “ಎಸೀಬೇಡ. ಮೇಲೆ ಯಾರೋ ಈಸ್ಕಳಾಕೆ ಕುಂತವ್ರೆ ಅನ್ಕಂಡು ಕೊಡು.”

ಅವರ ಮರ್ಯಾದೆಗೂ ಬಾರಿನ ಎತ್ತರಕ್ಕೂ ನೇರ ಸಂಬಂಧವಿತ್ತು. ಬಾರು ನೆಲದ ಮೇಲಿರುವಾಗ “ಬನ್ನಿ ಮೇಷ್ಟ್ರೇ, ಕಾಪಿ ಆಯ್ತಾ?” ಎನ್ನುತ್ತಿದ್ದರು. ಎದೆಗೆ ಬಂದಾಗ “ಉಸಿರು ತಗಳಪ್ಪ” ಆಗುತ್ತಿತ್ತು. ಹಣೆಯ ಹತ್ತಿರ ಬಾರು ನಡುಗತೊಡಗಿದರೆ “ಎತ್ತಲಾ! ಎತ್ತು ಅಂತೀನಿ!” ಬಾರು ಕೆಳಗಿಟ್ಟ ಕೂಡಲೇ ಮತ್ತೆ “ಕೂತ್ಕಳಿ ಮೇಷ್ಟ್ರೇ, ಸುಧಾರಿಸ್ಕಳಿ.” ನನ್ನ ವಿದ್ಯಾರ್ಥಿಯ ಅಪ್ಪನೊಬ್ಬ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, ಮಾರನೆಯ ದಿನ ಶಾಲೆಯ ಗೇಟಿನ ಬಳಿ ನನಗೆ ಎಂದಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿದ.

ಅವರಲ್ಲಿ ಇನ್ನೆರಡು ವಿಶೇಷಗಳನ್ನು ಗಮನಿಸಿದ್ದೆ. ಒಂದು, ಅವರ ತಾಳ್ಮೆ. ಮಹೇಶ ಹಾಕುತ್ತಿದ್ದ ಹಾಡಿನ ಅಬ್ಬರಕ್ಕೆ ಬೀದಿನಾಯಿಗಳು ರಸ್ತೆ ದಾಟಿ ಆಚೆ ಬದಿಯಲ್ಲಿ ಓಡಾಡುತ್ತಿದ್ದವು. ಗೌರಕ್ಕ ಮಾತ್ರ ಆ ಸ್ಪೀಕರಿಗೇ ಬೆನ್ನು ಆನಿಸಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಇನ್ನೊಂದು, ನಾವು ಮಾತಾಡುವಾಗ ಅವರು ನಮ್ಮ ಬಾಯನ್ನೇ ನೋಡುತ್ತಿದ್ದರು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ನಾನು ಎಷ್ಟೋ ಸಲ ನಾಲಗೆ ಆಡಿಸಿಕೊಂಡಿದ್ದೇನೆ. ಕೊನೆಕೊನೆಗೆ ಜಿಮ್ಮಿಗೆ ಹೋಗುವ ಮುಂಚೆ ಹಲ್ಲುಜ್ಜುವುದನ್ನೇ ರೂಢಿ ಮಾಡಿಕೊಂಡೆ.

ಆ ನಡುವೆ ಮಹೇಶ ತುಮಕೂರಿನಿಂದ ಸರ್ಟಿಫಿಕೇಟ್ ಇರುವ ಟ್ರೈನರ್ ಒಬ್ಬನನ್ನು ಕರೆಸಿದ. ಆತನ ಟೀ ಶರ್ಟು ಆತನಿಗಿಂತ ಎರಡು ವರ್ಷ ಚಿಕ್ಕವನದು. ಬಂದವನೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ “ಕೋರ್ ಟೈಟ್! ಕೋರ್ ಟೈಟ್!” ಎಂದು ಚಪ್ಪಾಳೆ ತಟ್ಟಿದ. ಗೌರಕ್ಕ ಅವನ ಬಾಯನ್ನೇ ನೋಡುತ್ತಾ ಕೇಳಿದರು.

“ಕೋರು ಅಂದ್ರೆ ಎಲ್ಲಿ ಬತ್ತದಪ್ಪ?”

ಅವನು ಹೊಟ್ಟೆ ಮುಟ್ಟಿ ತೋರಿಸಿದ.

“ಹೊಟ್ಟೆ ಅನ್ನು. ನಾಚ್ಕೆ ಯಾಕೆ?”

ಟ್ರೈನರ್ ನಕ್ಕ. “ಅಜ್ಜಿ, ಇದೆಲ್ಲ ಸೈನ್ಸು. ನೀವು ಆರಾಮಾಗಿ ಕೂತ್ಕೊಳಿ,” ಎಂದು ಅರವತ್ತು ಕಿಲೋ ಹಾಕಿಸಿ ಸೀಳಿನ ಕೆಳಗೆ ನಿಂತ. ಗೌರಕ್ಕ ಆರಾಮಾಗಿ ಕೂತರು. ಆದರೆ ಸ್ಟೂಲನ್ನು ಮಾತ್ರ ಮೂರು ಮಾರು ಹಿಂದಕ್ಕೆ ಎಳೆದುಕೊಂಡು. ಅದನ್ನು ನೋಡಿ ನಾವೂ ಹಿಂದೆ ಸರಿದೆವು. ಅವನು ನಮಗೆ ತೋರಿಸಲೆಂದು ಎದೆ ಉಬ್ಬಿಸಿ, ಬೆನ್ನು ಬಿಲ್ಲು ಮಾಡಿ ಎತ್ತಿದ. ಎಡಗಡೆಯ ಪ್ಲೇಟು ದಬ್ಬೆಗೆ ಬಡಿಯಿತು, ಗಾಬರಿಯಲ್ಲಿ ಬಲಗಡೆಯದೂ ಬಡಿಯಿತು. ಒಂದಾದ ಮೇಲೊಂದು ಒಂಬತ್ತು ಕಾಯಿ ಬಿದ್ದವು. ಬಾರು ಬಿಟ್ಟು ಅವನು ಹಾರಿ ಓಡಿದ ವೇಗವನ್ನು ನೋಡಿದರೆ ಅವನ ಸರ್ಟಿಫಿಕೇಟು ಓಟದ್ದಿರಬೇಕು. ಗೌರಕ್ಕ ಎದ್ದು ಬಂದು ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು. “ಇನ್ನೊಂದು ತಿಂಗಳು ಬೇಕು,” ಎಂದು ಮಂಕರಿಗೆ ತುಂಬಿದರು. ಟ್ರೈನರ್ ಬ್ಯಾಗು ತೆಗೆದುಕೊಂಡು ಹೋಗಲೂ ಬರಲಿಲ್ಲ, ಬಸವರಾಜು ಬಸ್‌ಸ್ಟ್ಯಾಂಡಿಗೆ ಹೋಗಿ ಕೊಟ್ಟು ಬಂದ.

ನಾವು ಹೊಟ್ಟೆ ಹಿಡಿದು ನಕ್ಕೆವು, ಮಹೇಶ ನಗಲಿಲ್ಲ. “ಅವನ ತಲೆ ಮೇಲೆ ಬಿದ್ದಿದ್ರೆ?” ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಡಗಿಯನ್ನು ಕರೆಸಿ ಅಟ್ಟ ಬಿಚ್ಚಿಸುವುದೇ ಸರಿ ಎಂದು ತೀರ್ಮಾನಿಸಿದ. ಗೌರಕ್ಕ ಆ ದಿನ ಜಗಳವಾಡಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕಡೆ ತಿರುಗಿದರು.

“ನೋಡಿ ಮೇಷ್ಟ್ರೇ. ಈ ಮನೇಲಿ ಹೊಲ ಯಾವ್ದು ಉಳಬೇಕು ಅಂತ ನನ್ನ ಕೇಳ್ಲಿಲ್ಲ. ಮಗಳನ್ನ ಹುಳಿಯಾರಿಗೆ ಕೊಡೋವಾಗ್ಲೂ ಕೇಳ್ಲಿಲ್ಲ. ಆದ್ರೆ ಕೊಬ್ಬರಿ ಸಾಹುಕಾರ್ರು ಬಂದ್ರೆ ನಮ್ಮತ್ತೆ, ಮಾವ, ನಮ್ಮೆಜಮಾನ್ರು, ಎಲ್ರೂ ನನ್ನ ಮುಖ ನೋಡೋರು. ‘ಆಗೈತಾ ಗೌರಿ?’ ಅನ್ನೋರು. ನಾನು ಆಗೈತೆ ಅಂದ್ರೇನೇ ಒಡೆಯೋರು. ಅಟ್ಟ ಹೋದ್ರೆ ನನ್ನ ಇನ್ಯಾರು ಏನು ಕೇಳ್ತಾರೆ, ಹೇಳಿ.”

ಮಹೇಶನೂ ಅದನ್ನು ಕೇಳಿಸಿಕೊಂಡಿದ್ದ. ಸ್ವಲ್ಪ ಹೊತ್ತು ಪ್ಲೇಟುಗಳನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಜೋಡಿಸಿ, ಆಮೇಲೆ ಅವ್ವನ ಎದುರು ಬಂದು ನಿಂತ.

“ಒಂದು ಮಾತು. ಇವತ್ತಿಂದ ಮೂವತ್ತು ದಿನ ಒಂದು ಕಾಯೂ ಬೀಳ್ದಿದ್ರೆ ಅಟ್ಟ ಇರ್ಲಿ. ಒಂದೇ ಒಂದು ಬಿದ್ರೂ ಮಾರ್ನೇ ದಿನ ಬಡಗಿ ಬತ್ತಾನೆ. ಎಲ್ರೂ ದಿನಾ ಎತ್ಲೇಬೇಕು.”

“ಆಗ್ಲಿ ಬುಡು,” ಎಂದರು ಗೌರಕ್ಕ.

ಹಾಗೆ ಗೋಡೆಯ ಮೇಲೆ ಒಂದು ಬೋರ್ಡು ಬಂತು. ಬರೆದದ್ದು ನಾನೇ, ಭುಜಕ್ಕೆ ಎಟುಕುವ ಎತ್ತರದಲ್ಲಿ: ‘ಕಾಯಿ ಬೀಳದೆ ಇಂದಿಗೆ’ ಎಂದು ಬಣ್ಣದಲ್ಲಿ, ಮುಂದೆ ಸೀಮೆಸುಣ್ಣದಲ್ಲಿ ಸಂಖ್ಯೆ. ಅದರ ಕೆಳಗೆ ನಿಂತಾಗ ಜಿಮ್ಮಿನ ನಮ್ಮ ಹನ್ನೊಂದು ಜನರಿಗೂ ಹೊಳೆದದ್ದು ಒಂದೇ ಸಂಗತಿ. ನಮ್ಮಲ್ಲಿ ಅತಿ ಸೊಟ್ಟಗೆ ಎತ್ತುವವನು ನಾನು. ಮೂವತ್ತು ದಿನ ರಜೆ ಹಾಕಿಬಿಡುತ್ತೇನೆ ಎಂದು ನಾನಾಗಿಯೇ ಹೇಳಿದೆ. ಬಸವರಾಜು ತಕ್ಷಣ ಒಪ್ಪಿದ. ಅಷ್ಟು ಬೇಗ ಒಪ್ಪಬಾರದಿತ್ತು. ಗೌರಕ್ಕ ಒಪ್ಪಲಿಲ್ಲ.

“ಎತ್ತದಂಗೆ ಗೆದ್ರೆ ಅದೇನು ಗೆದ್ದಂಗಾ? ಮೇಷ್ಟ್ರು ಬರ್ಬೇಕು. ಮೇಷ್ಟ್ರೇ ಕೊನೇಗೆ ಎತ್ಬೇಕು.”

ಆ ಮೂವತ್ತು ದಿನ ಜಿಮ್ಮಿನಲ್ಲಿ ನಡೆದದ್ದನ್ನು ವ್ಯಾಯಾಮ ಎನ್ನುವುದಕ್ಕಿಂತ ವ್ರತ ಎನ್ನಬಹುದು. ಹಾಲು ಕಾಯಿಸುವವರ ಎಚ್ಚರದಲ್ಲಿ ಬಾರು ಎತ್ತುತ್ತಿದ್ದೆವು. ಒಬ್ಬ ಎತ್ತುವಾಗ ಉಳಿದ ಹತ್ತು ಜನ ಅವನ ಸುತ್ತ ನಿಂತು, ಅವನ ಮೂಗಿನ ಜೊತೆ ತಮ್ಮ ಮೂಗನ್ನೂ ಹಿಂದಕ್ಕೆಳೆದುಕೊಳ್ಳುತ್ತಿದ್ದರು, ಅವನ ತಲೆಯ ಜೊತೆ ತಮ್ಮ ತಲೆಯನ್ನೂ ಮುಂದಕ್ಕೆ ಹಾಕುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೆ ಕೋಳಿಗೂಡಿನಂತೆ ಕಾಣುತ್ತಿತ್ತೇನೋ. ಬಸವರಾಜು ಎಳನೀರು ಕೊಚ್ಚುವ ಮುಂಚೆಯೂ ಉಸಿರು ಎಳೆದು ಹೊಟ್ಟೆ ಗಟ್ಟಿ ಮಾಡಿಕೊಳ್ಳತೊಡಗಿದ. ನಾನು ಮನೆಯಲ್ಲಿ ಪೊರಕೆ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ನೋಡಿ, “ಎತ್ತಿದ್ದು ಸಾಕು, ಅದನ್ನ ಸ್ವಲ್ಪ ಕೆಳಗೂ ಆಡಿಸಿ,” ಎಂದಳು.

ಹತ್ತಾಯಿತು, ಹದಿನೈದಾಯಿತು, ಇಪ್ಪತ್ತೆಂಟಾಯಿತು. ನನಗೇ ಗೊತ್ತಿಲ್ಲದೆ ನನ್ನ ಕೈ ಕಿವಿ ದಾಟಿ, ನೆತ್ತಿ ದಾಟಿ, ಮೂವತ್ತು ಕಿಲೋ ಸಮೇತ ಸೀಳಿನವರೆಗೆ ಹೋಗಿಬರುತ್ತಿತ್ತು.

ಮೂವತ್ತನೆಯ ದಿನ ಸಂಜೆ ನನ್ನನ್ನು ಬಿಟ್ಟು ಉಳಿದವರೆಲ್ಲ ಎತ್ತಿ ಮುಗಿಸಿದರು. ಗೆದ್ದೇಬಿಟ್ಟೆವೆಂದು, ಎಲ್ಲರಿಗೂ ಬನ್ನು ತರಲು ಎದುರಿನ ಟೀ ಅಂಗಡಿಗೆ ಓಡಿದರು. ಒಳಗೆ ಉಳಿದದ್ದು ಮೂವರು. ಗೌರಕ್ಕ ಬೀದಿಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಮಡಿಲಲ್ಲಿ ಎಲೆಯ ಚೀಲ ಇಟ್ಟುಕೊಂಡು. ಮಹೇಶ ಗೋಡೆಗೆ ಒರಗಿ ನಿಂತಿದ್ದ. ನಾನು ಸೀಳಿನ ಕೆಳಗೆ.

ನಾಲ್ಕು ಸಲ ಚೆನ್ನಾಗಿ ಹೋಯಿತು. ಐದನೆಯದನ್ನು ಎತ್ತುವಾಗ ನನ್ನ ಕಣ್ಣು ಬೋರ್ಡಿನ ಮೇಲಿನ ಇಪ್ಪತ್ತೊಂಬತ್ತರ ಕಡೆ ಹೊರಳಿತು. ಬಾರೂ ಅತ್ತ ವಾಲಿತು. ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನ. ಆ ಮೌನದಲ್ಲಿ ಪ್ಲೇಟು ದಬ್ಬೆಗೆ ತಗುಲಿದ್ದು ಕೇಳಿಸಿತು. ಕಾಯೊಂದು ಕಲ್ಲುಚಪ್ಪಡಿಯ ಮೇಲೆ ಧಡ್ಡೆಂದು ಬಿದ್ದು, ಉರುಳಿಕೊಂಡು ಮಹೇಶನ ಕಾಲ ಬಳಿ ನಿಂತಿತು. ಬೀದಿಯಾಚೆಯ ನಾಯಿ ಕೂಡ ತಲೆಯೆತ್ತಿ ನೋಡಿತು.

ಗೌರಕ್ಕ ತಿರುಗಲಿಲ್ಲ.

“ಅವ್ವ,” ಎಂದ ಮಹೇಶ. ಅವರು ಎಲೆಯ ನಾರು ತೆಗೆಯುತ್ತಿದ್ದರು. “ಅವ್ವಾ!” ಎಂದ ಇನ್ನೂ ಜೋರಾಗಿ. ಅವರು ಸುಣ್ಣದ ಡಬ್ಬಿ ತೆರೆದರು. ಮುಂದಿನ ಹಾಡು ಶುರುವಾಯಿತು.

ಮಹೇಶ ನನ್ನ ಮುಖ ನೋಡಿದ. ಸ್ಪೀಕರಿಗೆ ಬೆನ್ನು ಕೊಟ್ಟು ಕೂರುವ ತಾಳ್ಮೆ, ಬಾಯನ್ನೇ ನೋಡುವ ಕಣ್ಣು, ಎಲ್ಲವೂ ನಮ್ಮಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಊರಿಗೆಲ್ಲ ಕೊಬ್ಬರಿಯ ಸದ್ದು ಕೇಳಿ ಹದ ಹೇಳುತ್ತಿದ್ದ ಹೆಂಗಸಿಗೆ ಕಿವಿ ಕೇಳುತ್ತಿರಲಿಲ್ಲ. ಎಷ್ಟು ದಿನದಿಂದಲೋ ಏನೋ. ಒಂದೇ ಸೂರಿನ ಕೆಳಗಿದ್ದ ಮಗನಿಗೂ ಗೊತ್ತಿರಲಿಲ್ಲ. ನನಗೆ ತುಂಬ ಸಂಕಟವಾಯಿತು. ಬಾರು ಇನ್ನೂ ನನ್ನ ಎದೆಯ ಮೇಲೇ ಇತ್ತು, ಇಡುವುದು ಮರೆತುಹೋಗಿತ್ತು.

ಮಹೇಶ ಆ ಕಾಯನ್ನು ಕಾಲಿನಿಂದ ಮೆಲ್ಲಗೆ ಬೆಂಚಿನ ಕೆಳಕ್ಕೆ ತಳ್ಳಿದ. ಬೋರ್ಡಿನ ಹತ್ತಿರ ಹೋಗಿ ಇಪ್ಪತ್ತೊಂಬತ್ತನ್ನು ಅಂಗೈಯಲ್ಲಿ ಒರೆಸಿ ಮೂವತ್ತು ಬರೆದ. ಆಮೇಲೆ ಸುತ್ತಿ ಬಂದು ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತು, ಬಾಯಿ ಚೆನ್ನಾಗಿ ಕಾಣುವಂತೆ ಹೇಳಿದ: “ಅವ್ವ. ಮೂವತ್ತು. ನೀನೇ ಗೆದ್ದೆ ಕಣವ್ವ.”

ಗೌರಕ್ಕ ಅವನ ಕೆನ್ನೆಗೆ ಸುಣ್ಣದ ಕೈಯಲ್ಲೇ ತಟ್ಟಿದರು. ಟೀ ಅಂಗಡಿಯಿಂದ ಬಂದವರಿಗೆ ನಾವು ಏನೂ ಹೇಳಲಿಲ್ಲ. ಕೆನ್ನೆಯ ಮೇಲೆ ಸುಣ್ಣದ ಬೆರಳು ಮೂಡಿಸಿಕೊಂಡೇ ಮಹೇಶ ಬನ್ನು ಹಂಚಿದ.

ಮರುದಿನ ಅವನು ಬಡಗಿಯನ್ನು ಕರೆಸಿದ. ಅಟ್ಟ ಬಿಚ್ಚಲಲ್ಲ, ಸೀಳಿನ ಸುತ್ತ ಅರ್ಧ ಅಡಿ ಎತ್ತರದ ಹಲಗೆ ಹೊಡೆಸಲು. ಕೆಲಸ ಮುಗಿಯಲು ಮುಕ್ಕಾಲು ಗಂಟೆ ಸಾಕಾಯಿತು. ಆಮೇಲೆ ಪ್ಲೇಟು ಎಷ್ಟು ತಗುಲಿದರೂ ಕಾಯಿಗಳು ಮೇಲೇ ಲೊಡಲೊಡ ಎನ್ನುತ್ತಿದ್ದವೇ ಹೊರತು ಒಂದೂ ಬೀಳುತ್ತಿರಲಿಲ್ಲ. “ಇದನ್ನ ಮೊದಲೇ ಮಾಡಬಹುದಿತ್ತಲ್ಲ?” ಎಂದೆ. ತಾಯಿ ಮಗ ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ, ಅವರ ಮನೆಯ ಜಗಳದಲ್ಲಿ ನಾನು ಹೊರಗಿನವನೆಂಬುದು ಸ್ಪಷ್ಟವಾಗಿತ್ತು.

ಆ ವರ್ಷ ಕೊಬ್ಬರಿ ಕೊಳ್ಳುವವರು ಬಂದರು. ಗೌರಕ್ಕ ಎಂದಿನಂತೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಾನು ಈ ಸಲ ಅವರ ಕಿವಿ ನೋಡಲಿಲ್ಲ, ಬೆರಳು ನೋಡಿದೆ. ಹತ್ತು ಬೆರಳೂ ಕಾಯಿಯ ಸುತ್ತ ಹರಡಿಕೊಂಡಿದ್ದವು, ಒಳಗೆ ಕೊಬ್ಬರಿ ಬಡಿದಾಗ ಒಂದೊಂದೂ ಸಣ್ಣಗೆ ಅದುರುತ್ತಿತ್ತು. “ಆಗೈತೆ, ಒಡೀರಿ,” ಎಂದರು. ಒಡೆದದ್ದೆಲ್ಲ ದುಂಡಗೆ, ಬಿಳುಪಾಗಿ, ಒಂದು ಚೂರೂ ಕೆಡದೆ ಬಂತು. ಆ ಕೆಲಸಕ್ಕೆ ಕಿವಿ ಬೇಕೇ ಇರಲಿಲ್ಲ. ನಾನು ಶಾಲೆಯಲ್ಲಿ ಹಲಗೆಯ ತುತ್ತತುದಿಯಲ್ಲಿ ದಿನಾಂಕ ಬರೆಯತೊಡಗಿದ್ದೂ ಆಗಲೇ. ಹಿಂದಿನ ಬೆಂಚಿನವರು ಏಳುವುದನ್ನು ನಿಲ್ಲಿಸಿದರು, ತರಗತಿಯ ಶಿಸ್ತು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಹೋದ ವರ್ಷ ಮಂಡಿನೋವು ಜೋರಾಗಿ, ಗೌರಕ್ಕ ಹುಳಿಯಾರಿನ ಮಗಳ ಮನೆಗೆ ಹೊರಟರು. ಹೊರಡುವ ದಿನ ಬಾಳೆಹಣ್ಣು ತೆಗೆದುಕೊಂಡು ಹೋದೆ. ಜಗುಲಿಯ ಮೇಲೆ ಕೂತಿದ್ದರು. ಹತ್ತಿರ ಕರೆದು, ಮೊದಲ ದಿನದಂತೆ ನನ್ನ ಬಲಭುಜ ಹಿಡಿದು ಅಲ್ಲಾಡಿಸಿದರು. ಕಿವಿ ತರುವ ನಾಟಕ ಈ ಸಲ ಇರಲಿಲ್ಲ. ಅಂಗೈ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ಆಗೈತೆ ಮೇಷ್ಟ್ರೇ. ಇನ್ನು ಇಳಿಸ್ಬೌದು.”

ಹತ್ತನೆಯ ತರಗತಿಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಗೌರಕ್ಕ ಒಳಗೆ ಇಣುಕಿ, ಮಹೇಶ ಹತ್ತಿರದಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡರು.

“ಆವತ್ತು ಬೆಂಚಿನ ಕೆಳಗಿದ್ದ ಕಾಯಿ ಚೆನ್ನಾಗಿತ್ತು ಕಣಪ್ಪ. ಮಾರ್ನೇ ದಿನ ಕಸ ಗುಡ್ಸೋವಾಗ ಸಿಕ್ತು, ಚಟ್ನಿಪುಡಿ ಮಾಡ್ದೆ.”

ನಾನು ಬಾಯಿ ತೆರೆದುಕೊಂಡು ನಿಂತೆ. ಅವರು ಅದನ್ನೇ ನೋಡುತ್ತಾ ನಕ್ಕರು.

“ಕಿವಿ ಹೋದ್ರೆ ಕಾಲೂ ಹೋಗ್ತದಾ? ಬರಿಗಾಲಾಗೆ ಕುಂತಿದ್ದೆ. ಕಲ್ಲಿನ ಮೇಲೆ ಕಾಯಿ ಬಿದ್ರೆ ಅಂಗಾಲಿಗೆ ತಿಳಿಯಾಕಿಲ್ವಾ? ಬಿದ್ದಿದ್ದೂ ತಿಳೀತು, ಒಣಗಿದ ಕಾಯಿ ಅಂತ್ಲೂ ತಿಳೀತು. ತಿರುಗಿ ನೋಡಿದ್ರೆ ಅಟ್ಟ ಹೋಗ್ತಿತ್ತು. ಅದ್ಕೇ ಸುಣ್ಣ ಹಚ್ಕಂಡು ಕುಂತೆ.” ಆಮೇಲೆ ದನಿ ತಗ್ಗಿಸಿ, ಅಂದರೆ ತಗ್ಗಿಸಿದ್ದೇನೆಂದು ಅವರು ತಿಳಿದುಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದರು: “ಮಹೇಶಂಗ್ ಹೇಳ್ಬೇಡಿ. ಅವ್ವನ್ನ ಗೆಲ್ಲಿಸ್ದೆ ಅಂತ ಖುಷಿಯಾಗವ್ನೆ.”

ಗೌರಕ್ಕ ಮತ್ತೆ ತಿಪಟೂರಿಗೆ ಬರಲಿಲ್ಲ. ಮೂರು ತಿಂಗಳಾದ ಮೇಲೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅವರಿಲ್ಲದ ಆ ವರ್ಷವೂ ಅಟ್ಟಕ್ಕೆ ಕಾಯಿ ಹಾಕಿದೆವು. ಜಿಮ್ಮಿನವರೆಲ್ಲ ಸಾಲಾಗಿ ನಿಂತು, ಬಾರಿನ ಬದಲು ಮಂಕರಿ ಹಿಡಿದು, ಮೂಗು ಹಿಂದಕ್ಕೆಳೆದುಕೊಂಡು, ತಲೆ ಮುಂದಕ್ಕೆ ಹಾಕಿ ಅದೇ ಸೀಳಿನಿಂದ ಕೊಟ್ಟೆವು. ಮಹೇಶ ಅಟ್ಟದ ಮೇಲೆ ಕೂತು ಈಸಿಕೊಂಡ. ಯಾರೂ ಎಸೆಯಲಿಲ್ಲ.

ಮೊನ್ನೆ, ಹತ್ತು ತಿಂಗಳು ಕಳೆದ ಮೇಲೆ, ಕೊಬ್ಬರಿ ಕೊಳ್ಳುವವರು ಬಂದು ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಖಾಲಿ ಸ್ಟೂಲಿನ ಕಡೆ ನೋಡಿ ಕೇಳಿದರು, “ಆಗೈತಾ?” ಮಹೇಶ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ನಾನೂ ಅಲ್ಲಾಡಿಸಿದೆ. ಆಗಿದೆ ಎಂದು ಇಬ್ಬರೂ ಧೈರ್ಯವಾಗಿ ಹೇಳಿ ಒಡೆದೆವು. ಒಳಗೆ ತಿರುಳು ಮೆತ್ತಗಿತ್ತು, ತಳದಲ್ಲಿ ಒಂದು ಗುಟುಕು ನೀರಿತ್ತು. ಬಂದವರು ಮುಂದಿನ ತಿಂಗಳು ಬರುತ್ತೇವೆಂದು ಹೋದರು. ಮಹೇಶ ಆ ಒಡೆದ ಕಾಯಿ ಹಿಡಿದುಕೊಂಡೇ ಕೂತಿದ್ದ. ಅವನ ಮುಖ ನೋಡಲಾಗದೆ, ಗೌರಕ್ಕ ಹೇಳಬೇಡಿ ಎಂದಿದ್ದನ್ನು ಅವನಿಗೆ ಹೇಳಿಬಿಟ್ಟೆ: ಸುಣ್ಣದ ಡಬ್ಬಿ, ಅಂಗಾಲು, ಚಟ್ನಿಪುಡಿ, ಎಲ್ಲ.

ಮಹೇಶ ಮೊದಲು ನಕ್ಕ. ತುಂಬ ಹೊತ್ತು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಸ್ಪೀಕರ್ ಆರಿಸಿದ, ಶೂ ಬಿಚ್ಚಿದ, ಅವ್ವನ ಸ್ಟೂಲಿನ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತು ಎರಡೂ ಪಾದಗಳನ್ನು ಕಲ್ಲಿನ ಮೇಲೆ ಊರಿದ.

“ಮೇಷ್ಟ್ರೇ, ಹಾರೆ ಎತ್ತಿ. ದಬ್ಬೆಗೆ ತಗುಲ್ಸಿ.”

ಎತ್ತಿ ತಗುಲಿಸಿದೆ. ಮೇಲೆ ಕಾಯಿಗಳು ಸದ್ದು ಮಾಡಿದವು.

“ಏನಾದ್ರೂ ತಿಳೀತಾ?” ಎಂದೆ.

ಅವನು ಸ್ವಲ್ಪ ಹೊತ್ತು ಪಾದ ಒತ್ತಿಕೊಂಡು ಕೂತಿದ್ದ. “ಇಲ್ಲ. ಇನ್ನೊಂದ್ಸಲ.”

ಉಸಿರು ಎಳೆದುಕೊಂಡೆ, ಹೊಟ್ಟೆ ಗಟ್ಟಿ ಮಾಡಿದೆ, ಮೂಗು ಹಿಂದಕ್ಕೆ ತೆಗೆದುಕೊಂಡೆ. ನೆಟ್ಟಗೆ ಎತ್ತಲು ಅವರು ಕಲಿಸಿದ್ದನ್ನೆಲ್ಲ ನೆನಪು ಮಾಡಿಕೊಂಡು, ಬೇಕೆಂದೇ ಮತ್ತೊಮ್ಮೆ ಸೊಟ್ಟಗೆ ಎತ್ತಿದೆ.